ಸಾಮಾನುಗಳು ಒಂದಕ್ಕೊಂದು ಕೇಳಿಸಿಕೊಂಡ ಕಥಿ

ಈಗ ಯಾರ ಮನಿಗೆ ಹೋದ್ರೂ ಒಂದಿಲ್ಲೊಂದು "ಸ್ಮಾರ್ಟ್" ಸಾಮಾನು ಇದ್ದ ಇರತೈತಿ. ಫೋನಿನ್ಯಾಗ ಒತ್ತಿದ್ರ ಹತ್ತೂ ದೀಪ, ಹೆಸರು ಹಿಡದು ಕರದ್ರ ತಿರುಗೂ ಫ್ಯಾನು, ಯಾರು ಬಂದಾರ ಅಂತ ತೋರಸೂ ಬಾಗಿಲ ಗಂಟಿ. ಇವೆಲ್ಲಾ ತಮ್ಮತಮ್ಮಾಗ ಮಾತಾಡಿಕೊಂಡು ಕೆಲಸಾ ಮಾಡ್ತಾವ ಅಂತ ಅಂಗಡಿಯವರು ಹೇಳೂದು ಕೇಳಿದ್ರ, ಇದು ಮೊನ್ನೆ ಮೊನ್ನೆ ಬೆಂಗಳೂರಾಗ ಹುಟ್ಟಿದ್ದು ಅನ್ನಿಸತೈತಿ. ನಾ ಅಂಬಿಕಾನಗರದ ಕ್ವಾರ್ಟರ್ಸಿನ್ಯಾಗ ಬೆಳದಾಕಿ, ನನಗ ಹಂಗ ಅನ್ನಿಸೂದಿಲ್ಲ. ಸಾಮಾನುಗಳು ಒಂದಕ್ಕೊಂದು ಕೇಳಿಸಿಕೊಂಡು ಕೆಲಸಾ ಮಾಡೂದನ್ನ ನಾವು ಹುಟ್ಟಿದಾಗಿಂದ ನೋಡೇವಿ. ಅವು ಭಾಳ ದೊಡ್ಡವಿದ್ದವು, ಗುಡ್ಡದ ಕೆಳಗಿದ್ದವು, ಅಷ್ಟ. ಹೊಸಾವನ್ನ ಮನಿ ಒಳಗ ಬಿಟ್ಟುಕೊಳ್ಳೂ ಮೊದಲು ಹಳೇವು ಹ್ಯಾಂಗ ನಡಕೊಂಡು ಬಂದವು ಅನ್ನೂದು ಗೊತ್ತಿದ್ರ ಚಲೋ ಅಂತ ಇವತ್ತು ಸ್ವಲ್ಪ ಉದ್ದಕ್ಕ ಬರೀತೀನಿ. ಚಾ ಮಾಡಿಕೊಂಡ ಕುಂತು ಓದ್ರಿ.

ನಮ್ಮ ಕಾಳಿ ನದಿಯಿಂದ ಸುರು ಮಾಡೋಣು. ಗಣೇಶಗುಡಿ ಹತ್ತರ ಸೂಪಾ ಅಣೆಕಟ್ಟು ಐತಿ, 101 ಮೀಟರ್ ಎತ್ತರ. ಅದರ ಬುಡದಾಗ 50 ಮೆಗಾವಾಟಿನ ಎರಡು ಯಂತ್ರ. ಅಲ್ಲಿ ಕರೆಂಟು ಕೊಟ್ಟು ಹೊರಬಿದ್ದ ನೀರು ನದೀಗುಂಟ ಹರದು ಬೊಮ್ಮನಹಳ್ಳಿ ಅಣೆಕಟ್ಟಿಗೆ ಬರತೈತಿ. ಅಲ್ಲಿಂದ ಗುಡ್ಡದ ಹೊಟ್ಟಿ ಕೊರದು ಮಾಡಿದ ಸುರಂಗದಾಗ ಅಂಬಿಕಾನಗರದ ಕಡೆ ಬಂದು, ದೊಡ್ಡ ದೊಡ್ಡ ಪೈಪಿನ್ಯಾಗ ನಾಗಝರಿ ಪವರ್ ಹೌಸಿಗೆ ಇಳೀತೈತಿ. ಅಲ್ಲಿ ಆರು ಯಂತ್ರ. ಅಲ್ಲಿಂದ ಮುಂದ ಕೊಡಸಳ್ಳಿ, 40 ಮೆಗಾವಾಟಿನ ಮೂರು. ಅದರ ಮುಂದ ಕದ್ರಾ, 50ರ ಮೂರು. ಕದ್ರಾದ ನೀರನ್ನ ಕೈಗಾ ಅಣುಸ್ಥಾವರ ತನ್ನ ಬಿಸಿ ಆರಿಸಿಕೊಳ್ಳಾಕ ಬಳಸತೈತಿ. ಆಮ್ಯಾಲೆ ನದಿ ಕಾರವಾರದಾಗ ಸಮುದ್ರ ಸೇರತೈತಿ. ಅಕ್ಕಿ ತೊಳದ ನೀರು ಚೆಲ್ಲದ ಆಕಳಿಗೆ ಇಟ್ಟು, ಬಾನಿ ತೊಳದ ನೀರನ್ನ ತೆಂಗಿನ ಬುಡಕ್ಕ ಬಿಡೂ ಲೆಕ್ಕದಾಗ, ಒಂದ ನೀರಿನಿಂದ ನಾಕು ಕಡೆ ಕೆಲಸಾ.

ಇದೆಲ್ಲಾ ಒಮ್ಮೆಲೆ ಆದದ್ದಲ್ಲ. 1970ರಾಗ ಮೈಸೂರು ಪವರ್ ಕಾರ್ಪೊರೇಷನ್ ಹುಟ್ಟಿತು. ರಾಜ್ಯದ ಹೆಸರು ಬದಲಾದ ಮ್ಯಾಲೆ ಅದ ಕರ್ನಾಟಕ ಪವರ್ ಕಾರ್ಪೊರೇಷನ್ ಆತು. ನಾಗಝರಿಯ ಆರು ಯಂತ್ರ ಒಂದೊಂದಾಗಿ ತಿರುಗಾಕ ಹತ್ತಿದ್ದು 1979ರಿಂದ 1984ರೊಳಗ. ಕೊಡಸಳ್ಳಿ, ಕದ್ರಾ ಬಂದದ್ದು 90ರ ದಶಕದ ಕೊನೆಗೆ. ಮ್ಯಾಲಿನವರು ನೀರು ಎಷ್ಟು ಬಿಟ್ರು ಅನ್ನೂದರ ಮ್ಯಾಲೆ ಕೆಳಗಿನವರ ಕೆಲಸಾ. ಹಂಗಾಗಿ ಇವೆಲ್ಲಾ ಒಂದಕ್ಕೊಂದು ಸುದ್ದಿ ಮುಟ್ಟಿಸ್ಲೇಬೇಕು.

ಸುದ್ದಿ ಹ್ಯಾಂಗ ಹೋಗತಿತ್ತು? ಟೌನ್‌ಶಿಪ್ಪಿನ ಹುಡುಗ್ರಿಗೆಲ್ಲಾ ಸ್ವಿಚ್‌ಯಾರ್ಡಿನ್ಯಾಗ ತೂಗೂ ಪೀಪಾಯಿಯಂಥಾ ಸುರುಳಿ ನೆನಪಿರಬೇಕು. ದಪ್ಪ ತಂತಿ ಲೈನಿನ ತುದಿಗೆ, ಯಾವುದೋ ದೊಡ್ಡ ಜೇನುಗೂಡಿನಂಗ ಕಾಣಸ್ತಿತ್ತು. ಕರೆಂಟು ಹೋಗೂ ತಂತಿ ಮ್ಯಾಲೇನ ಟೆಲಿಫೋನಿನ ಮಾತೂ ಹೋಗತಿತ್ತು, ಇನ್ನೂ ಹೋಗತೈತಿ. ಕರೆಂಟು ಸೆಕೆಂಡಿಗೆ 50 ಸಲ ತೂಗಿದ್ರ, ಮಾತು ಹೊತ್ತ ಅಲೆ ಸಾವಿರಾರು ಪಟ್ಟು ಜಲ್ದಿ ತೂಗತೈತಿ. ಹಿಂಗಾಗಿ ಎರಡೂ ಒಂದ ತಂತಿಯೊಳಗ ಕೂಡಿ ಹೋದ್ರೂ ಬೆರಿಯೂದಿಲ್ಲ. ಆ ಸುರುಳಿ ಕರೆಂಟನ್ನ ಒಳಗ ಬಿಟ್ಟು ಮಾತನ್ನ ತಡದು ಟೆಲಿಫೋನಿನ ಕಡೆ ತಿರುಗಸತೈತಿ, ಚಾ ಸೋಸೂ ಜರಡಿ ಇದ್ದಂಗ. ಊರಿನ ಟೆಲಿಫೋನು ಮಳ್ಯಾಗ ಸತ್ತು ಬಿದ್ದಿದ್ರೂ ಪವರ್ ಹೌಸಿನ ಫೋನು ಬೆಂಗಳೂರಿಗೆ ಹತ್ತತಿತ್ತು.

ಆದ್ರ ಫೋನಿನಕಿಂತಾ ದೊಡ್ಡದೊಂದು ಮಾತುಕತಿ ಇತ್ತು. ಅದರಾಗ ಫೋನು ಇಲ್ಲ, ಮಾತೂ ಇಲ್ಲ.

ನಮ್ಮ ಅಜ್ಜಿ ಕಾಲಕ್ಕ ಒಂದ ಒರಳಿನ ಮುಂದ ಇಬ್ಬರು ಹೆಣ್ಣಮಕ್ಕಳು ಎದುರುಬದುರು ನಿಂತು ಭತ್ತ ಕುಟ್ಟತಿದ್ರು. ಒಬ್ಬಾಕಿ ಒನಕಿ ಮ್ಯಾಲೆ ಹೋದಾಗ ಇನ್ನೊಬ್ಬಾಕಿದು ಕೆಳಗ. "ಈಗ ನೀ ಕುಟ್ಟು, ಈಗ ನಾ ಕುಟ್ಟತೀನಿ" ಅಂತ ಯಾರೂ ಹೇಳಂಗಿಲ್ಲ, ಸಪ್ಪಳಾನ ಹೇಳತೈತಿ. ಒಬ್ಬಾಕಿ ದಣದು ನಿಧಾನ ಆದ್ಲು ಅಂದ್ರ ಸಪ್ಪಳ ನಿಧಾನ ಆಗತೈತಿ, ಇನ್ನೊಬ್ಬಾಕಿಗೆ ತಾನ ತಿಳೀತೈತಿ. ವಿದ್ಯುತ್ ಜಾಲದಾಗ ಆ ಸಪ್ಪಳ ಅಂದ್ರ ಸೆಕೆಂಡಿಗೆ 50 ತೂಗು. ಸಂಜಿಮುಂದ ಎಲ್ಲಾರೂ ದೀಪಾ ಹಚ್ಚಿದ್ರು, ಮಿಕ್ಸರ್ ತಿರುಗಿಸಿದ್ರು ಅಂದ್ರ ಯಂತ್ರಗಳಿಗೆ ಭಾರ ಆಗಿ 50 ಇದ್ದದ್ದು 49.9 ಆಗತೈತಿ. ಒಂದಕ್ಕೊಂದು ಕೂಡಿಕೊಂಡ ಎಲ್ಲಾ ಪವರ್ ಹೌಸಿನ್ಯಾಗೂ ಅದು ಆ ಗಳಿಗ್ಗೇನ ಗೊತ್ತಾಗತೈತಿ. ಪ್ರತಿ ಯಂತ್ರಕ್ಕೂ ಗವರ್ನರ್ ಅಂತ ಒಂದು ಅಂಗ ಇರತೈತಿ. ತಾಳ ಇಳದ್ರ ಅದು ಟರ್ಬೈನಿಗೆ ನೀರು ಬಿಡೂ ರೆಕ್ಕಿ ಸ್ವಲ್ಪ ತಗೀತೈತಿ, ಏರಿದ್ರ ಮುಚ್ಚತೈತಿ. ಯಾರು ಎಷ್ಟು ಭಾರ ಹೊರಬೇಕು ಅನ್ನೂದನ್ನೂ ಮೊದಲ ಅದರಾಗ ಕಟ್ಟಿ ಇಟ್ಟಿರ್ತಾರ, ದೊಡ್ಡ ಯಂತ್ರ ಜಾಸ್ತಿ, ಸಣ್ಣದು ಕಮ್ಮಿ. ಜೇಮ್ಸ್ ವ್ಯಾಟ್ 1788ರಾಗ ಉಗಿ ಯಂತ್ರಕ್ಕ ತಿರುಗೂ ಎರಡು ಗುಂಡು ಕಟ್ಟಿ ಮಾಡಿದ್ದನಲ್ಲಾ, ಅದರ ವಂಶದ್ದು ಇದು.

ಹೊಸಾ ಯಂತ್ರ ಒಂದನ್ನ ಜಾಲಕ್ಕ ಕೂಡಸೂದು ನಮ್ಮಪ್ಪನ ಬಾಯಾಗ ಕೇಳಬೇಕಿತ್ತು. ಅಂವ ಹೇಳೂದು ಹಗ್ಗದಾಟದ ಹೋಲಿಕಿ: ಇಬ್ಬರು ಹಗ್ಗ ತಿರುಗಸಾಕ ಹತ್ತಿರ್ತಾರ, ಹೊರಗ ನಿಂತಾಕಿ ಆ ತಾಳಕ್ಕ ತಲಿ ಅಲ್ಲಾಡಿಸಿ ಅಲ್ಲಾಡಿಸಿ ಸರಿಯಾದ ಗಳಿಗ್ಗೆ ಒಳಗ ಹಾರತಾಳ. ಹಳೇ ಪದ್ಧತಿಯೊಳಗ ಜಾಲಕ್ಕೂ ಯಂತ್ರಕ್ಕೂ ನಡುವ ದೀಪ ಹಚ್ಚತಿದ್ರಂತ. ಎರಡೂ ತಾಳ ಬ್ಯಾರೆ ಇದ್ರ ದೀಪ ಬೆಳಗಿ ಆರಿ ಬೆಳಗಿ ಆರಿ ಮಾಡತೈತಿ. ತಾಳ ಹತ್ತರ ಬಂದಂಗ ಅದೂ ನಿಧಾನ ಆಗಿ, ಪೂರಾ ಕೂಡಿದ ಗಳಿಗ್ಗೆ ಆರತೈತಿ. ದೀಪ ಆರಿದಾಗ ಸ್ವಿಚ್ ಒತ್ತೂದು. ಆಮ್ಯಾಲೆ ಮುಳ್ಳು ತಿರುಗೂ ಮೀಟರು ಬಂದವು, ಈಗ ಕಂಪ್ಯೂಟರ್ ಐತಿ. ತಪ್ಪಿ ಒತ್ತಿದ್ರ ಯಂತ್ರಕ್ಕ ಎಂಥಾ ಹೊಡತ ಬೀಳತೈತಿ ಅಂದ್ರ, ಆ ವಿಷಯ ಬಂದಾಗ ಅಪ್ಪ ನಗತಿದ್ದಿಲ್ಲ.

ಇನ್ನೂ ಹಿಂದಕ್ಕ ಹೋಗಬೇಕಂದ್ರ ವಿಶ್ವೇಶ್ವರಯ್ಯನವರ ಗೇಟು ಅದಾವ. ಪುಣೆ ಹತ್ತರದ ಖಡಕವಾಸ್ಲಾ ಜಲಾಶಯಕ್ಕ 1903ರಾಗ ಅವರು ಹಾಕಿಸಿದ ಗೇಟುಗಳು ಯಾರೂ ಮುಟ್ಟದ ತಾವ ತೆರಕೊಳ್ತಿದ್ದವು, ನೀರು ಇಳದ್ರ ತಾವ ಮುಚ್ಚಿಕೊಳ್ತಿದ್ದವು. ಮುಂದ ಕನ್ನಂಬಾಡಿಗೂ ಅಂಥಾವ ಬಂದವು. ಅಂಥಾ ಗೇಟಿಗೆ ಕರೆಂಟು ಬ್ಯಾಡ, ನಡುರಾತ್ರಿ ಮಳ್ಯಾಗ ಓಡಿ ಬರೂ ಮನಷ್ಯಾನೂ ಬ್ಯಾಡ. ನೀರಿನ ಮಟ್ಟಾನ ಅದರ ಕಣ್ಣು, ನೀರಿನ ಭಾರಾನ ಅದರ ಕೈ. ನನ್ನ ಕೇಳಿದ್ರ ಈ ದೇಶದ ಮೊದಲಿನ ಸ್ಮಾರ್ಟ್ ಸಾಮಾನಿನ ಸಾಲಿನ್ಯಾಗ ಆ ಗೇಟನ್ನ ಇಡತೀನಿ. ನಮ್ಮ ಮ್ಯಾಲಿನ ಟಾಕಿಯೊಳಗ ತೇಲೂ ಬುಡ್ಡಿ ಐತಲ್ಲಾ, ನೀರು ತುಂಬಿದ ಕೂಡ್ಲೆ ನಳಾ ಬಂದ್ ಮಾಡೂದು, ಅದು ಅದರ ಸಣ್ಣ ತಂಗಿ.

ಇಷ್ಟೆಲ್ಲಾ ಶ್ಯಾಣ್ಯಾತನ ಇದ್ದ ಆ ಜಾಲಕ್ಕ ಒಂದು ಗೊತ್ತಿರಲಿಲ್ಲ: ಮನಿ. ಅದರ ಕಣ್ಣಿಗೆ ಮನಿಗಳು ಕಾಣತಿದ್ದಿಲ್ಲ, ಬರೇ ಫೀಡರ್ ಕಾಣತಿದ್ದವು. ಒಂದು ಫೀಡರ್ ಅಂದ್ರ ಹತ್ತು ಹಳ್ಳಿ ಇರಬಹುದು. 80-90ರ ದಶಕದಾಗ ಮಳಿ ಕೈಕೊಟ್ಟ ವರ್ಷ ಕರೆಂಟು ಸಾಲತಿದ್ದಿಲ್ಲ. ತಾಳ ಗೊತ್ತುಮಾಡಿದ ಅಂಕಿಗಿಂತ ಕೆಳಗ ಬಿದ್ರ ರಿಲೇ ಅನ್ನೂ ಸಾಮಾನು ತಾನ ಫೀಡರ್ ಕತ್ತರಸತಿತ್ತು. ಹಂಗ ಕತ್ತರಸದಿದ್ರ ಇಡೀ ಜಾಲ ಬೀಳತಿತ್ತು, ಹಿಂಗಾಗಿ ಅದರ ತಪ್ಪು ಅನ್ನಾಕ ಬರೂದಿಲ್ಲ. ಆದ್ರ ಒಮ್ಮೆ ಕತ್ತರಿಸಿದ್ರ ಸಾಹುಕಾರರ ಗೀಜರೂ ಆರತಿತ್ತು, ದವಾಖಾನಿ ಐಸ್ ಪೆಟಿಗೀನೂ ಆರತಿತ್ತು, ಹತ್ತನೇತ್ತಾ ಹುಡುಗಿ ಓದಾಕ ಕುಂತ ಒಂದ ಬಲ್ಬೂ ಆರತಿತ್ತು. ಕತ್ತರಿ ಅಷ್ಟು ದೊಡ್ಡದಿತ್ತು.

ಮತ್ತ ಜಾಲದ ಲೆಕ್ಕದಾಗ ಬರದ ಇದ್ದವರ ಮಾತೂ ಆಡಬೇಕು. ಕಾಳಿಗೆ ಪಾಂಡರಿ ಕೂಡೂ ಜಾಗದಾಗಿದ್ದ ಸೂಪಾ ಪೇಟೆ ನೀರಾಗ ಹೋತು, ತಾಲೂಕಿನ ಕಚೇರಿ ಜೋಯಿಡಾಕ್ಕ ಬಂತು, ಮಂದಿ ರಾಮನಗರದ ಕಡೆ ಹೋದ್ರು. ಸೂಪಾ ಕಡೆಯ ಒಬ್ಬ ಆಯಿ ನಮ್ಮ ಕ್ವಾರ್ಟರ್ಸಿಗೆ ಕೋಕಂ ಮಾರಾಕ ಬರತಿದ್ರು. ಅವರು ಕಂಬದ ದೀಪಾ ನೋಡಿ "ಇದು ನಮ್ಮನಿ ಮ್ಯಾಲಿನ ನೀರಿಂದ ಹತ್ತೇತಿ" ಅಂತಿದ್ರು. ಸಿಟ್ಟಿಲೆ ಅಂತಿದ್ರೋ ನಗಚಾಟಗಿಗೆ ಅಂತಿದ್ರೋ ಅವ್ವಗೂ ತಿಳೀತಿದ್ದಿಲ್ಲ. ನಾಡಿಗೆಲ್ಲಾ ಕರೆಂಟು ಕೊಟ್ಟ ಈ ಕಾಡೊಳಗಿನ ಎಷ್ಟೋ ವಾಡಾಗಳಿಗೆ ಕರೆಂಟು ಬರಾಕ ದಶಕಗಳ ಬೇಕಾದವು. ಸಾಮಾನುಗಳನ್ನ ಜೋಡಸೂ ಮುಂದ ಯಾರನ್ನ ಕೇಳಿದ್ರು, ಯಾರನ್ನ ಕೇಳಲಿಲ್ಲ ಅನ್ನೂದು ಈ ಕಥಿಯೊಳಗ ಮೊದಲಿನಿಂದ ಐತಿ.

ಈಗ ಹೊರದೇಶಕ್ಕ ಹೋಗೂಣು. ಮನಿ ಸಾಮಾನಿಗೂ ಜಾಲಕ್ಕೂ ಗಂಟು ಹಾಕಿದವರ ಪೈಕಿ ನನಗ ಸೇರಿದವರು ನ್ಯೂಜಿಲೆಂಡಿನವರು. 1950ರ ದಶಕದಿಂದ ಅವರು ಕರೆಂಟಿನ ತಂತಿ ಮ್ಯಾಲೇನ ಒಂದು ಸನ್ನಿ ಕಳಸ್ತಾರ. ಮನಿಯ ಮೀಟರಿನ ಹತ್ತರದ ಡಬ್ಬಿ ಅದನ್ನ ಕೇಳಿ ಬರೇ ನೀರು ಕಾಯಿಸೂ ಟಾಕಿಯನ್ನಷ್ಟ ಆರಸತೈತಿ. ಕಾದ ನೀರು ತಾಸೆರಡು ತಾಸು ಬಿಸಿನ ಇರತೈತಿ, ಮನಿಯವರಿಗೆ ಗೊತ್ತೂ ಆಗೂದಿಲ್ಲ. ನಮ್ಮ ಬಚ್ಚಲ ಹಂಡೆಯೊಳಗ ಉರಿ ಹಿಂದಕ್ಕ ಸರಿಸಿದ್ರೂ ನೀರು ಬಿಸಿ ಇರತಿತ್ತಲ್ಲಾ, ಹಂಗ. ದೀಪ ಆರೂದಿಲ್ಲ, ಫ್ಯಾನು ನಿಲ್ಲೂದಿಲ್ಲ. ದೊಡ್ಡ ಕತ್ತರಿ ಬದಲಿ ಸಣ್ಣ ಕತ್ತರಿ. ಹಂಗ ಮಾಡಾಕ ಇಂಟರ್ನೆಟ್ಟು ಬೇಕಾಗಿರಲಿಲ್ಲ.

ಅಮೆರಿಕಾದವರು ಇದಕ್ಕ ಉಲ್ಟಾ, ಅಡಿಗಿ ಮನಿಗೆ ಕಂಪ್ಯೂಟರ್ ನುಗ್ಗಿಸಾಕ ನೋಡಿದ್ರು. 1969ರಾಗ ಹನಿವೆಲ್ ಕಂಪನಿಯ "ಕಿಚನ್ ಕಂಪ್ಯೂಟರ್" ಒಂದು ದೊಡ್ಡ ಅಂಗಡಿಯ ಕ್ಯಾಟಲಾಗಿನ್ಯಾಗ ಬಂತು. ಬೆಲಿ 10,600 ಡಾಲರ್. ಅಡಿಗಿ ಪಾಠ ಅದರಾಗ ಇಟ್ಟುಕೊಂಡು ಇವತ್ತೇನು ಮಾಡಬೇಕು ಅಂತ ಅದನ್ನ ಕೇಳಬೇಕು. ಅದಕ್ಕ ಮೊದಲು ಮನಿ ಹೆಂಗಸು ಎರಡು ವಾರ ಅದರ ಭಾಷೆ ಕಲೀಬೇಕು. ಯಾರೂ ತಗೊಂಡ ಪುರಾವಿ ಸಿಕ್ಕಿಲ್ಲ. ಎರಡು ವಾರದಾಗ ನಮ್ಮ ಅವ್ವ ವರ್ಷದ ಖಾರಾ ಕುಟ್ಟಿ, ಶಾವಿಗಿ ಹೊಸದು, ಹಪ್ಪಳಾನೂ ಮುಗಸತಿದ್ಲು.

1975ರಾಗ ಸ್ಕಾಟ್ಲೆಂಡಿನ ಒಂದು ಕಂಪನಿ ಎಕ್ಸ್-10 ಅನ್ನೂದನ್ನ ಮಾಡಿತು. ಮನಿಯ ಗ್ವಾಡಿಯೊಳಗಿನ ವಾಯರಿನ ಮ್ಯಾಲೇನ ಸನ್ನಿ ಕಳಿಸಿ ದೀಪ ಹಚ್ಚೂದು, ಆರಸೂದು. ನಮ್ಮ ಪವರ್ ಹೌಸಿನ ಫೋನಿನ ಯುಕ್ತಿನ, ಮನಿ ಅಳತಿಗೆ ಇಳಿಸಿದ್ದು. ಒಂದು ತಮಾಷೆ ಅಂದ್ರ, ಬಾಜೂ ಮನ್ಯಾಗೂ ಅದ ನಂಬರಿನ ಡಬ್ಬಿ ಇದ್ರ ನೀವು ಒತ್ತಿದಾಗ ಅವರ ದೀಪ ಹತ್ತಬಹುದಿತ್ತು. ಮನಿ ನಡುವಿನ ಗ್ವಾಡಿ ವಾಯರಿಗೆ ಗೊತ್ತಿಲ್ಲ ನೋಡ್ರಿ.

ಆಮ್ಯಾಲಿನವು ಜಲ್ದಿ ಜಲ್ದಿ ಆದವು. 1982ರ ಹೊತ್ತಿಗೆ ಅಮೆರಿಕಾದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹುಡುಗ್ರು ಕೋಕ್ ಮಷೀನಿಗೆ ತಂತಿ ಕಟ್ಟಿ, ಬಾಟಲಿ ಅದಾವೋ ಇಲ್ಲೋ, ತಂಪಾಗ್ಯಾವೋ ಇಲ್ಲೋ ಅಂತ ಕುಂತಲ್ಲೇ ನೋಡಿದ್ರು. 1990ರಾಗ ಜಾನ್ ರೊಮ್ಕಿ ಅನ್ನಾಂವ ಇಂಟರ್ನೆಟ್ಟಿನ ಮ್ಯಾಲೆ ಬ್ರೆಡ್ ಸುಡೂ ಟೋಸ್ಟರ್ ಹಚ್ಚಿ ತೋರಿಸಿದ. 1991ರಾಗ ಕೇಂಬ್ರಿಜ್‌ನ್ಯಾಗ ಕಾಫಿ ಪಾತ್ರೆಗೆ ಕ್ಯಾಮೆರಾ ಇಟ್ರು, ಖಾಲಿ ಪಾತ್ರೆ ತನಕ ನಡದು ಹೋಗೂದು ತಪ್ಪಲಿ ಅಂತ. ಎಲ್ಲಾ ಗಂಡುಹುಡುಗ್ರ ಕುಡಿಯೂದು ತಿನ್ನೂದರ ಚಿಂತಿ. ಆದ್ರ "ವಸ್ತುಗಳ ಇಂಟರ್ನೆಟ್" ಅನ್ನೂ ಹೆಸರು ಬಂದದ್ದು ಲಿಪ್‌ಸ್ಟಿಕ್ಕಿನಿಂದ! ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯೊಳಗಿದ್ದ ಕೆವಿನ್ ಆಶ್ಟನ್, ಒಂದು ಕಂದು ಬಣ್ಣದ ಲಿಪ್‌ಸ್ಟಿಕ್ ಅಂಗಡಿಯೊಳಗ ಯಾವಾಗ ನೋಡಿದ್ರೂ ಯಾಕ ಖಾಲಿ ಇರತೈತಿ ಅಂತ ತಲಿ ಕೆಡಿಸಿಕೊಂಡ. ಪ್ರತಿ ಡಬ್ಬಿಗೂ ಒಂದು ಸಣ್ಣ ಚಿಪ್ ಹಚ್ಚಿದ್ರ ಅದ ತನ್ನ ಸುದ್ದಿ ಹೇಳತೈತಿ ಅಂತ 1999ರಾಗ ದೊಡ್ಡವರ ಮುಂದ ಮಾತಾಡುವಾಗ ಈ ಹೆಸರು ಇಟ್ಟ.

ಇವರ ನಡುವ ಹೆಚ್ಚು ಮಂದಿಗೆ ಗೊತ್ತಿಲ್ಲದ ಒಬ್ಬಾಂವ ಇದ್ದ, ಎಂಐಟಿಯ ಫ್ರೆಡ್ ಶ್ವೆಪ್ಪಿ. 1980ರ ಸುಮಾರಿಗೆ ಅಂವ ಹೇಳಿದ್ದು ಇಷ್ಟ: ತಾಳ ಕೇಳೂದು ಪವರ್ ಹೌಸಷ್ಟ ಯಾಕ, ಫ್ರಿಜ್ಜೂ ಕೇಳಲಿ. ಮನಿ ಪ್ಲಗ್ಗಿನ್ಯಾಗೂ ಅದ 50ರ ತಾಳ ಬಂದ ಬರತೈತಿ. ತಾಳ ಇಳದ್ರ ಫ್ರಿಜ್ಜು ಐದು ಮಿನಿಟು ಸುಮ್ಮನಾಗಲಿ, ಹಾಲು ಕೆಡೂದಿಲ್ಲ. ಏರಿದ್ರ ಮುಂಚೆನ ಹತ್ತಿ ತಂಪು ಕೂಡಿಟ್ಟುಕೊಳ್ಳಲಿ. ಇಂಥಾ ಲಕ್ಷಗಟ್ಟಲೆ ಫ್ರಿಜ್ಜು ಕೂಡಿದ್ರ ಜಾಲಕ್ಕ ಆಸರಾದೀತು. ಯಾರೂ ಯಾರಿಗೂ ಫೋನ್ ಮಾಡಬೇಕಿಲ್ಲ, ಯಾರ ಮನ್ಯಾಗ ಏನೈತಿ ಅಂತ ಯಾರಿಗೂ ಹೇಳಬೇಕಿಲ್ಲ. 2006ರ ಸುಮಾರಿಗೆ ಅಮೆರಿಕಾದಾಗ 150 ಬಟ್ಟಿ ಒಣಗಿಸೂ ಯಂತ್ರಕ್ಕ ಇಂಥಾ ಸಾಮಾನು ಕೂಡಿಸಿ ನೋಡಿದ್ರು, ಕೆಲಸಾ ಮಾಡಿತು. ಆದ್ರ ಪೇಟಿಯೊಳಗ ಈ ದಾರಿ ಬೆಳೀಲಿಲ್ಲ. ಸುಮ್ಮನ ತಾಳ ಕೇಳೂ ಸಾಮಾನಿನಿಂದ ತಿಂಗಳ ತಿಂಗಳ ರೊಕ್ಕಾ ಬರೂದಿಲ್ಲಲ್ಲಾ.

ಕೂಡಿ ಕೆಲಸಾ ಮಾಡೂದು ಅಂದ್ರ ಎಲ್ಲಾ ಒಮ್ಮೆಲೆ ಮಾಡೂದು ಅಂತ ತಿಳಕೊಂಡ್ರ ಏನಾಗತೈತಿ ಅನ್ನಾಕ ನಮ್ಮ ಹಳಿಯಾಳದ ಕಡೆಯ ಕಬ್ಬಿನ ಹೊಲಾನ ಸಾಕು. ಬೋರಿನ ಪಂಪಿಗೆ ರೈತರು ಆಟೋ ಸ್ಟಾರ್ಟರ್ ಹಾಕಿಸ್ತಾರ, ರಾತ್ರಿ ಹಾವು ಚೇಳಿನ ನಡುವ ಎದ್ದು ಹೋಗೂದು ತಪ್ಪಲಿ ಅಂತ, ಅದು ಬೇಕಾದದ್ದ. ಆದ್ರ ಹೋದ ಕರೆಂಟು ಬಂದ ಗಳಿಗ್ಗೆ ಎಲ್ಲಾ ಪಂಪೂ ಒಮ್ಮೆಲೆ ಏಳತಾವ. ಮೋಟಾರು ಏಳುವಾಗ ಎಳಿಯೂ ಕರೆಂಟು ಆಮ್ಯಾಲಿನಕಿಂತಾ ಎಷ್ಟೋ ಪಟ್ಟು. ಹಿಂಗಾಗಿ ಟಿಸಿ ಫ್ಯೂಸ್ ಹಾರತೈತಿ, ಇಲ್ಲಾ ಟಿಸಿನ ಸುಡತೈತಿ, ಮತ್ತ ಎಲ್ಲಾರೂ ಕತ್ತಲಾಗ. ಓಣಿ ನಳಕ್ಕ ನೀರು ಬಂತು ಅಂದಾಗ ಎಲ್ಲಾರೂ ಕೊಡಾ ಹಿಡಕೊಂಡು ಓಡಿದಂಗ. ಮದ್ದು ಸಣ್ಣದು: ಒಂದು ಪಂಪು ಹತ್ತು ಸೆಕೆಂಡ್ ಕಾಯಲಿ, ಇನ್ನೊಂದು ಒಂದು ಮಿನಿಟು, ಮತ್ತೊಂದು ಎರಡು. ಒಳ್ಳೆ ಸ್ಟಾರ್ಟರಿನ್ಯಾಗ ಹಿಂಗ ಕಾಯೂ ಹೊತ್ತು ಹಾಕೂ ಅನುಕೂಲ ಇರತೈತಿ. ಮಂದಿ ಅದನ್ನ ಸೊನ್ನಿಗೆ ತಿರುವಿ ಇಟ್ಟಿರ್ತಾರ, ನನ್ನ ಹೊಲಕ್ಕ ನೀರು ಮೊದಲು ಬರಲಿ ಅಂತ!

ಈ ನಡುವ ಜಾಲ ದೊಡ್ಡದಾಗಾಕ ಹತ್ತಿತ್ತು. 2003ರ ಜನವರಿಯಿಂದ ದಕ್ಷಿಣದ ರಾಜ್ಯಗಳಿಗೆ ಹೊಸಾ ಲೆಕ್ಕ ಬಂತು. ಠರಾವಿಗಿಂತ ಜಾಸ್ತಿ ಎಳದ ಕರೆಂಟಿನ ಬೆಲಿ ಆ ಹೊತ್ತಿನ ತಾಳದ ಮ್ಯಾಲೆ. ತಾಳ ಬಿದ್ದಾಗ ಎಳದ್ರ ತುಟ್ಟಿ, ಏರಿದಾಗ ಸೋವಿ. ಕುಟ್ಟೂ ಸಪ್ಪಳಕ್ಕ ರೊಕ್ಕದ ಗಂಟು ಬಿತ್ತು, ಜಾಲಕ್ಕ ಶಿಸ್ತು ಬಂತು. 2012ರ ಜುಲೈ 30 ಮತ್ತ 31ಕ್ಕ ಉತ್ತರದ ಕಡೆ ಜಾಲ ಬಿದ್ದು 60 ಕೋಟಿಗಿಂತ ಹೆಚ್ಚು ಮಂದಿ ಕತ್ತಲಾಗ ಕುಂತಾಗ ನಮಗೇನೂ ಆಗಲಿಲ್ಲ, ಯಾಕಂದ್ರ ಆಗ ದಕ್ಷಿಣದ ತಾಳ ಬ್ಯಾರೆ ಇತ್ತು. 2013ರ ಡಿಸೆಂಬರ್ 31ಕ್ಕ ರಾಯಚೂರು–ಸೊಲ್ಲಾಪುರ ಲೈನು ಕೂಡಿ ಇಡೀ ದೇಶಕ್ಕ ಒಂದ ತಾಳ ಆತು. ಈಗ ಕಾಶ್ಮೀರದಾಗ ಹೀಟರು ಹತ್ತಿದ್ರ ನಾಗಝರಿಗೆ ಕೂದಲಿನಷ್ಟಾದ್ರೂ ತಿಳೀತೈತಿ.

ಆ ಒಂದ ತಾಳವನ್ನ ನಾವೆಲ್ಲಾ ಕೈಯಾರೆ ಅಲ್ಲಾಡಿಸಿದ ರಾತ್ರಿ ನಿಮಗ ನೆನಪೈತಿ: 2020ರ ಏಪ್ರಿಲ್ 5. ಲಾಕ್‌ಡೌನಿನ್ಯಾಗ ರಾತ್ರಿ 9ಕ್ಕ 9 ಮಿನಿಟು ದೀಪಾ ಆರಿಸಿ ಹಣತಿ ಹಚ್ಚೂದು. ಎಲ್ಲಾರೂ ಮಾಳಿಗಿ ಮ್ಯಾಲೆ ಹಣತಿ ಹಿಡದು ನಿಂತಿದ್ವಿ. ನಿವೃತ್ತ ಆಗಿದ್ದ ಅಪ್ಪ ಒಬ್ಬನ ಒಳಗ ಟಿವಿ ಮುಂದ ಕುಂತು ಚಡಪಡಸಾಕ ಹತ್ತಿದ್ದ. ಫ್ರಿಜ್ಜು, ಫ್ಯಾನು ಆರಸಬ್ಯಾಡ್ರಿ, ಬರೇ ದೀಪ ಅಂತ ಸರಕಾರ ಮತ್ತ ಮತ್ತ ಹೇಳಿತ್ತಲ್ಲಾ, ಅದು ಇದಕ್ಕ. ಒಮ್ಮೆಲೆ ಭಾರ ಇಳದ್ರ ತಾಳ ಏರತೈತಿ, ಭಾಳ ಏರಿದ್ರ ಯಂತ್ರಗಳು ತಮ್ಮ ಜೀವಾ ಉಳಿಸಿಕೊಳ್ಳಾಕ ಜಾಲ ಬಿಟ್ಟು ಹೊರಗ ಜಿಗೀತಾವ, ಆಮ್ಯಾಲೆ ಒಂದರ ಹಿಂದ ಒಂದು. ಆ ರಾತ್ರಿ ದೇಶದ ಬೇಡಿಕಿ ಸುಮಾರು 31,000 ಮೆಗಾವಾಟ್ ಇಳೀತು, ಅಂದಾಜು ಮಾಡಿದ್ದಕ್ಕಿಂತ ಎರಡು ಪಟ್ಟು. ಅದರ ಪೈಕಿ ಸುಮಾರು 17,500 ಮೆಗಾವಾಟನ್ನ ನೀರಿನ ಪವರ್ ಹೌಸುಗಳು ನುಂಗಿಕೊಂಡವು. ನೀರಿನ ಯಂತ್ರಕ್ಕ ಅಷ್ಟು ಜಲ್ದಿ ಇಳದು ಏರಾಕ ಬರತೈತಿ, ಕಲ್ಲಿದ್ದಲಿನವಕ್ಕ ಬರೂದಿಲ್ಲ. ತಾಳ 49.70ರಿಂದ 50.26ರ ನಡುವ ತೂಗಿ ಮತ್ತ ನಿಂತಿತು. ಮರುದಿನ ಎಲ್ಲಾರೂ ಹಣತಿ ಫೋಟೋ ಕಳಿಸಿದ್ರ, ಅಪ್ಪ ತನ್ನ ಹಳೇ ಗೆಳ್ಯಾರಿಗೆ ಬರೇ ಈ ಅಂಕಿ ಕಳಿಸಿದ್ದ.

ಈಗ ಮನಿಯೊಳಗಿನ ಹೊಸಾ ಸಾಮಾನು. ಇವು ತಾಳ ಕೇಳೂದಿಲ್ಲ. ಅಡಿಗಿ ಮನಿಯ ಸ್ವಿಚ್ಚಿನಿಂದ ಮೂರು ಮಾರು ದೂರದ ದೀಪಕ್ಕ ಹೋಗಬೇಕಾದ ಮಾತು, ಎಷ್ಟೋ ಸಾಮಾನಿನ್ಯಾಗ ಮನಿಯಿಂದ ಟವರಿಗೆ, ಟವರಿನಿಂದ ಯಾವುದೋ ದೇಶದ ಕಂಪ್ಯೂಟರಿಗೆ ಹೋಗಿ ತಿರುಗಿ ಬರತೈತಿ. ಬಾಜೂ ಮನಿಯಿಂದ ಸಕ್ಕರಿ ಕೇಳಾಕ ಮುಂಬೈಗೆ ಹೋಗಿ ಬಂದಂಗ. ನಡುವಿನವ ಅಂಗಡಿ ಮುಚ್ಚಿದ್ರ ಸಾಮಾನು ಸತ್ತಂಗ. 2016ರ ಮೇ ತಿಂಗಳಾಗ ಅಮೆರಿಕಾದಾಗ ರಿವಾಲ್ವ್ ಅನ್ನೂದರ ಗತಿ ಹಂಗ ಆತು. ಮನಿ ಸಾಮಾನೆಲ್ಲಾ ಒಂದಗೂಡಿಸೂ ಡಬ್ಬಿ, 300 ಡಾಲರ್ ಕೊಟ್ಟು ತಗೊಂಡಿದ್ರು. ಕಂಪನಿಯನ್ನ ಇನ್ನೊಬ್ರು ಕೊಂಡು ಅದರ ಸರ್ವರ್ ಬಂದ್ ಮಾಡಿದ್ರು, ಡಬ್ಬಿ ಇಟ್ಟಂಗಿ ಆತು. ಅದ ವರ್ಷ ಅಕ್ಟೋಬರ್‌ದಾಗ ಮಿರಾಯ್ ಅನ್ನೂ ಕಳ್ಳ ತಂತ್ರಾಂಶ ಮನಿ ಮನಿಯ ಕ್ಯಾಮೆರಾ, ರೌಟರುಗಳ ಒಳಗ ಹೊಕ್ಕು, ಅವನ್ನೆಲ್ಲಾ ದಂಡು ಕಟ್ಟಿಸಿ ದೊಡ್ಡ ದೊಡ್ಡ ವೆಬ್‌ಸೈಟ್ ಬೀಳಿಸಿತು. ಹೊಕ್ಕದ್ದು ಹ್ಯಾಂಗ? ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡ್ ಯಾರೂ ಬದಲಾಯಿಸಿರಲಿಲ್ಲ. ಇದನ್ನ ಓದಿ ಮುಗಿಸಿದ ಕೂಡ್ಲೆ ನಿಮ್ಮ ವೈಫೈ ಡಬ್ಬಿದು ಬದಲಾಯಿಸ್ರಿ, ಮಕ್ಕಳ ಕೈಲೆ ಆದ್ರೂ.

ನಮ್ಮ ಅತ್ತಿ ಹಳಿಯಾಳ ಬಾಜೂ ಹಳ್ಳ್ಯಾಗ ಒಬ್ಬರ ಇರ್ತಾರ, 78 ವರ್ಷ, ಬಿಪಿ ಐತಿ. ಬೆಂಗಳೂರಾಗಿರೂ ನನ್ನ ಮಗಗ ಚಿಂತಿ. ಕ್ಯಾಮೆರಾ ಎರಡು, ಫೋನಿನಿಂದ ನಡಿಯೂ ಪ್ಲಗ್ಗು, ಗೀಜರಿನ ಸ್ವಿಚ್ಚು ಎಲ್ಲಾ ತಂದ. ಅವನ ಚಿಂತಿ ಸುಳ್ಳಲ್ಲ. ಹೋದ ಚಳಿಗಾಲದಾಗ ಅತ್ತಿ ಬಚ್ಚಲಾಗ ಬಿದ್ದು ತಾಸು ಹೊತ್ತು ಯಾರಿಗೂ ಗೊತ್ತಾಗಿರಲಿಲ್ಲ. ಆದ್ರ ಜೂನ್‌ದಾಗ ಮರ ಬಿದ್ದು ನಾಕು ದಿನ ಕರೆಂಟೂ ಇಲ್ಲ, ಟವರೂ ಇಲ್ಲ. ಇನ್ವರ್ಟರಿನ ಮ್ಯಾಲೆ ಮನ್ಯಾಗ ದೀಪ ಹತ್ತಾಕ ಹತ್ತಿತ್ತು, ಆ ಫೋನಿನ ಸಾಮಾನಷ್ಟ ಕಣ್ಣು ಪಿಳುಕಿಸಿಕೊಂತ ಕುಂತಿದ್ದವು. ಮಳಿ ನಿಂತ ಮ್ಯಾಲೆ ಮೂರೂ ಮಂದಿ ಕುಂತು ಮಾತಾಡಿದ್ವಿ. ಯಾವುದು ಇರಬೇಕು ಅನ್ನೂದನ್ನ ಅತ್ತಿನ ಹೇಳಬೇಕು ಅಂತ ನಾ ಮೊದಲ ಹೇಳಿಬಿಟ್ಟೆ.

ಕ್ಯಾಮೆರಾ ಬ್ಯಾಡ ಅಂದ್ರು. "ನಾ ಸೀರಿ ಉಡೂದು, ಒಬ್ಬಾಕಿನ ಕುಂತು ಅಳೂದು, ಎಲ್ಲಾ ಬೆಂಗಳೂರಿಗೆ ಯಾಕ ಹೋಗಬೇಕೋ ತಮ್ಮಾ?" ಅಂದ್ರು. ಮೊಮ್ಮಗ ಸುಮ್ಮನಾದ. ಟಾಕಿಗೆ ತೇಲೂ ಬುಡ್ಡಿ ಸ್ವಿಚ್ಚು ಕೂಡಿಸಿದ್ವಿ, ಪಂಪು ತಾನ ಹತ್ತಿ ತಾನ ಆರತೈತಿ. ಗೀಜರಿಗೆ ಗ್ವಾಡಿಗೆ ಹಚ್ಚೂ ಟೈಮರು, ಮುಂಜಾನೆ ಅರ್ಧ ತಾಸು, ಮುಳ್ಳು ಕೈಯಿಂದ ತಿರುವೂದು. ಫೋನಿನ ಪ್ಲಗ್ಗು ಒಂದು ಉಳೀತು, ಅಂಗಳದ ದೀಪಕ್ಕ, ಸಾದಾ ಸ್ವಿಚ್ಚೂ ಅದರ ಜೋಡಿ ಇರಬೇಕು ಅನ್ನೂ ಕರಾರಿನ ಮ್ಯಾಲೆ. ಬಚ್ಚಲಾಗ ಮೊಣಕಾಲೆತ್ತರಕ್ಕ ಒಂದು ಗುಂಡಿ ಕೂಡಿಸಿದ್ವಿ, ಬಿದ್ದವರಿಗೂ ಕೈ ನಿಲುಕೂ ಹಂಗ. ಬ್ಯಾಟರಿ ಮ್ಯಾಲೆ ನಡೀತೈತಿ, ವಾಯರು ಗ್ವಾಡಿ ದಾಟಿ ಬಾಜೂ ಮನಿ ಕಾಕು ಅಡಿಗಿ ಮನಿಗೆ ಹೋಗತೈತಿ. ಒತ್ತಿದ್ರ ಅಲ್ಲಿ ಗಂಟಿ ಬಾರಸತೈತಿ. ಅದ ಗಂಟಿ ಬೆಂಗಳೂರಿಗೂ ಸುದ್ದಿ ಕಳಸೂ ಹಂಗ ಮಗ ಇನ್ನೊಂದು ಡಬ್ಬಿ ಕೂಡಿಸ್ಯಾನ, ಟವರ್ ಇದ್ದಾಗ ಹೋಗಲಿ, ಇಲ್ಲದಾಗ ಕಾಕು ಅದಾರ.

ಕಂಪನಿಗಳೂ ಈಗೀಗ ಈ ದಾರಿಗೆ ಬರಾಕ ಹತ್ತ್ಯಾವ. 2022ರಾಗ ಮ್ಯಾಟರ್ ಅನ್ನೂ ಒಂದು ಕರಾರು ಮಾಡಿಕೊಂಡ್ರು. ಅದರ ಪ್ರಕಾರ ಬ್ಯಾರೆ ಬ್ಯಾರೆ ಕಂಪನಿಯ ದೀಪ, ಪ್ಲಗ್ಗು, ಬೀಗ ಮನಿಯೊಳಗ ತಮ್ಮತಮ್ಮಾಗ ಮಾತಾಡಬಹುದು, ಹೊರಗಿನ ಸರ್ವರ್ ಬೇಕಾಗಿಲ್ಲ. ಹೊಸಾ ಸಾಮಾನು ತಗೊಳ್ಳುವಾಗ ಡಬ್ಬಿ ಮ್ಯಾಲೆ ಆ ಹೆಸರು ಐತೇನು ನೋಡ್ರಿ. ಅಂಗಡಿಯವಗ ಇನ್ನೊಂದು ಕೇಳ್ರಿ: ನೆಟ್ ಹೋದಾಗ ಇದು ಏನು ಮಾಡತೈತಿ? ಅಂವ ತಡವರಿಸಿದ್ರ ಬಿಟ್ಟು ಬರ್ರಿ. ಪುಣೆದಾಗ ಮನಿ ತಗೊಂಡ ನಮ್ಮ ವೈನಿ ಮಗಳಿಗೆ ನಾ ಹೇಳಿದ್ದೂ ಅಷ್ಟ, ಅದೂ ಮುಖ್ಯವಾಗಿ ಬಾಗಿಲ ಬೀಗಕ್ಕ: ಒಳಗಿನಿಂದ ಕೈಲೆ ತಗಿಯಾಕ ಬರಬೇಕು.

ಇನ್ನ ಸ್ಮಾರ್ಟ್ ಮೀಟರು. ಮೊದಲ ರೊಕ್ಕಾ ತುಂಬಿ ಆಮ್ಯಾಲೆ ಕರೆಂಟು ಉರಸೂ ಮೀಟರುಗಳನ್ನ ದೇಶದ ತುಂಬ ಕೂಡಸೂ ಯೋಜನಾ 2021ರಿಂದ ನಡದೈತಿ. ನಮ್ಮ ಜಾಲಕ್ಕ ಮನಿ ಕಾಣತಿದ್ದಿಲ್ಲ ಅಂದೆನಲ್ಲಾ, ಈಗ ಮೊದಲನೇ ಸಲ ಕಾಣಾಕ ಹತ್ತೈತಿ, ಒಂದೊಂದ ಮನಿ, ಅರ್ಧರ್ಧ ತಾಸಿಗೆ. ರೊಕ್ಕಾ ಮುಗದ ಮನಿ ಕರೆಂಟನ್ನ ದೂರ ಕುಂತು ಕತ್ತರಸಬಹುದು. ಅತ್ತಿಗೆ ಇದನ್ನ ಹೇಳಿದಾಗ ಅವರು ಕೇಳಿದ್ದು: "ಆರಸೂ ಮುಂದ ನನಗ ಹೇಳ್ತಾರೇನು? ಫೋನಿನ್ಯಾಗ ಇಂಗ್ಲೀಷಿನ್ಯಾಗ ಬ್ಯಾಡ, ನನಗ ತಿಳಿಯೂ ಹಂಗ?" ಮೀಟರಿನವರು ಬಂದಾಗ ಕೇಳೂಣು ಅಂದೇನಿ. ನಿಮ್ಮ ಓಣ್ಯಾಗ ಮೊದಲ ಬಂದ್ರ ನೀವ ಕೇಳಿ ನನಗ ತಿಳಸ್ರಿ.